ಎಳನೀರಿಗೆ ತೊಂಬತ್ತಾರು

ಹೊರಮಾವಿನ ಗಂಗಮ್ಮ ಎನ್‌ಕ್ಲೇವ್ ಎಂಬ ಅಪಾರ್ಟ್‌ಮೆಂಟಿನಲ್ಲಿ ಒಂದು ಪದ್ಧತಿಯಿದೆ. ಯಾವ ದೂರನ್ನು ಯಾರು ಮೊದಲು ಬಾಯಿ ಬಿಟ್ಟು ಹೇಳುತ್ತಾರೋ, ಅದನ್ನು ಸರಿಮಾಡುವ ಕೆಲಸ ಅವರ ತಲೆಗೇ ಬರುತ್ತದೆ. ಲಿಫ್ಟು ಕಿರುಗುಟ್ಟುತ್ತದೆ ಎಂದವರು ಲಿಫ್ಟಿನ ಉಸ್ತುವಾರಿ. ಬೀದಿನಾಯಿ ಒಳಗೆ ನುಗ್ಗುತ್ತದೆ ಎಂದವರು ನಾಯಿಯ ಉಸ್ತುವಾರಿ. ಪದ್ಧತಿಯನ್ನು ಜಾರಿಗೆ ತಂದವರು ಅಧ್ಯಕ್ಷೆ ಮುನಿಗಂಗಮ್ಮ. ಅಪಾರ್ಟ್‌ಮೆಂಟು ಎದ್ದು ನಿಂತಿರುವುದೇ ಅವರ ರಾಗಿ ಹೊಲದ ಮೇಲೆ, ಹೆಸರೂ ಅವರದೇ, ಹೀಗಾಗಿ ಎದುರು ಮಾತಾಡುವವರು ಯಾರೂ ಇಲ್ಲ. ಸಭೆ ನಡೆದರೆ ಎಲ್ಲರೂ ತುಟಿ ಬಿಗಿದು ಕೂತು, ಬಿಸ್ಕತ್ತು ತಿಂದು, ಟೀ ಕುಡಿದು ಎದ್ದು ಹೋಗುತ್ತಾರೆ.

ಲಕ್ಷ್ಮಿಕಾಂತನಿಗೆ ಪಾಪ ಇದು ಗೊತ್ತಿರಲಿಲ್ಲ. ವಿಮಾನ ಕಾರ್ಖಾನೆಯ ಪೇಂಟ್ ವಿಭಾಗದಿಂದ ನಿವೃತ್ತನಾಗಿ, ವಿಮಾನಪುರದ ಕ್ವಾರ್ಟರ್ಸ್ ಬಿಟ್ಟು ಹೆಂಡತಿ ಹಂಸಳೊಂದಿಗೆ ಬಂದ ಹೊಸತು. ಮೊದಲ ಸಭೆಯಲ್ಲೇ ಕೈಯೆತ್ತಿ, "ಕೆಳಗಡೆ ಟ್ಯಾಂಕಿಂದ ಏನೋ ವಾಸ್ನೆ ಬರ್ತಿದೆ, ಯಾರಾದ್ರೂ ನೋಡ್ಬೇಕಲ್ವಾ?" ಅಂದುಬಿಟ್ಟ. ಸಭೆ ಚಪ್ಪಾಳೆ ತಟ್ಟಿತು. ಹೊಸಬನ ಮಾತಿಗೆ ಎಷ್ಟು ಮರ್ಯಾದೆ ಎಂದು ಅವನು ಉಬ್ಬಿಹೋದ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಚಿಲಕಕ್ಕೆ ಒಂದು ಬೀಗದ ಕೈ ನೇತಾಡುತ್ತಿತ್ತು. ಕೊಳಚೆ ನೀರು ಶುದ್ಧಿ ಮಾಡುವ ಘಟಕದ್ದು. ಅಂದಿನಿಂದ ಲಕ್ಷ್ಮಿಕಾಂತ ಆ ಘಟಕದ ಉಸ್ತುವಾರಿ.

ಎಲ್ಲ ಮನೆಗಳ ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರು ನೆಲಮಾಳಿಗೆಗೆ ಹರಿದು ಬಂದು, ಅಲ್ಲಿ ನೊರೆಯಾಡಿ, ಸೋಸಿ, ಕೊನೆಗೆ ತಿಳಿನೀರಿನ ತೊಟ್ಟಿ ಸೇರುತ್ತದೆ. ಅಲ್ಲಿಂದ ತೋಟಕ್ಕೆ. ಆ ತಿಳಿನೀರಿನಲ್ಲಿ ಅಮೋನಿಯ ಲೀಟರಿಗೆ ಐದು ಮಿಲಿಗ್ರಾಮಿಗಿಂತ ಕಮ್ಮಿ ಇರಬೇಕೆಂದು ನಿಯಮ. ಅಳೆಯಲು ಒಂದು ಮೀಟರು ಕೊಟ್ಟಿದ್ದರು. ವೈರಿನ ತುದಿಗೆ ಪೆನ್ನಿನಷ್ಟು ದಪ್ಪದ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಒಂದು ತೆಳು ಪೊರೆ. ನೀರಿಗೆ ಅದ್ದಿದರೆ ಮೀಟರಿನಲ್ಲಿ ಅಂಕಿ ಮೂಡುತ್ತದೆ. ಅದ್ದುವ ಮೊದಲು ಅಳತೆ ಗೊತ್ತಿರುವ ಎರಡು ದ್ರಾವಣಗಳಿಗೆ ಅದ್ದಿ ಮೀಟರಿಗೆ ಬುದ್ಧಿ ಹೇಳಬೇಕು, ತೊಳೆಯಬೇಕು, ಒರೆಸಬೇಕು, ಪೊರೆಯ ಕೆಳಗೆ ಗುಳ್ಳೆ ಕೂರದಂತೆ ನೋಡಿಕೊಳ್ಳಬೇಕು. ಇಷ್ಟನ್ನೂ ಕಲಿಸಿಕೊಟ್ಟ ಕಂಪನಿಯವನು ಹೊರಡುವಾಗ ಇನ್ನೊಂದು ಮಾತು ಹೇಳಿದ್ದ. ಈ ಕಡ್ಡಿ ಅಮೋನಿಯವನ್ನು ಮಾತ್ರ ಗುರುತು ಹಿಡಿಯುತ್ತೆ, ಆದರೆ ಅಮೋನಿಯಕ್ಕೊಬ್ಬ ದಾಯಾದಿ ಇದ್ದಾನೆ, ಅವನು ಜಾಸ್ತಿ ಇದ್ದರೆ ಕಡ್ಡಿ ಏಮಾರುತ್ತೆ ಅಂತ. ದಾಯಾದಿಯ ಹೆಸರನ್ನೂ ಹೇಳಿದ್ದ. ಲಕ್ಷ್ಮಿಕಾಂತ ತಲೆಯಾಡಿಸಿ, ಹೆಸರನ್ನು ಅಲ್ಲೇ ಮರೆತಿದ್ದ.

ಈ ಕತೆ ನಡೆದ ದಿನ ಮಧ್ಯಾಹ್ನ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರಿ ಬಂದು ನೀರು ನೋಡುವವರಿದ್ದರು. ನೀರು ಪಾಸಾದರೆ ಬೀಗದ ಕೈ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಮುನಿಗಂಗಮ್ಮ ಎಲ್ಲರೆದುರು ಮಾತು ಕೊಟ್ಟಿದ್ದರು. ರಾತ್ರಿ ಬಸ್ಸಿಗೆ ಮುರುಡೇಶ್ವರದ ಟಿಕೆಟ್ಟು ತೆಗೆದಾಗಿತ್ತು. ಹಂಸ ಹುಟ್ಟಿದ್ದು ಹಲಸೂರಿನಲ್ಲಿ, ಬಾಳಿದ್ದು ವಿಮಾನಪುರದಲ್ಲಿ, ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಕಂಡವಳಲ್ಲ. ಹಿಂದೊಮ್ಮೆ ಹೊರಟಾಗ ಟ್ಯಾಂಕು ಉಕ್ಕಿತ್ತು, ಇನ್ನೊಮ್ಮೆ ಗಾಳಿ ಊದುವ ಮೋಟರು ಸುಟ್ಟಿತ್ತು. ಈ ಸಲ ಅವಳು ಚೀಲದ ಜಿಪ್ಪು ಎಳೆಯುತ್ತ ಹೇಳಿದಳು: "ಈ ಸಲ ತಪ್ಪಿದ್ರೆ ನಾನಿನ್ನು ಸಮುದ್ರದ ಮಾತೇ ಎತ್ತಲ್ಲ. ನೀವೂ ಎತ್ಬೇಡಿ. ಇವತ್ತೊಂದು ದಿನ ಯಾರು ಏನಂದ್ರೂ ಬಾಯಿ ಮುಚ್ಕೊಂಡಿರಿ, ಅಷ್ಟು ಸಾಕು."

ಜಗಳವಾಡಿದ್ದರೆ ಲಕ್ಷ್ಮಿಕಾಂತನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಹೇಳಿದ್ದು ಮೆಲ್ಲಗೆ. ಬಾಯಿಗೆ ಬೀಗ ಹಾಕಿಕೊಂಡವನಂತೆ ತಲೆಯಾಡಿಸಿ, ಮೀಟರು ಹಿಡಿದು ಕೆಳಗಿಳಿದ.

ಘಟಕ ನಡೆಸುವ ನಿಂಗಣ್ಣ ರಾಯಚೂರು ಕಡೆಯವನು. ಅವನು ತೊಟ್ಟಿಯಿಂದ ಒಂದು ಲೋಟ ನೀರು ಮೊಗೆದು ಕೊಟ್ಟ. ಲಕ್ಷ್ಮಿಕಾಂತ ಕಡ್ಡಿಗೆ ಬುದ್ಧಿ ಹೇಳಿ, ತೊಳೆದು, ಒರೆಸಿ, ಅದ್ದಿದ. ನಿನ್ನೆ ಮೂರು ತೋರಿಸಿದ್ದ ಮೀಟರು ಇವತ್ತು ಹನ್ನೊಂದು ತೋರಿಸಿತು.

ಕಣ್ಣುಜ್ಜಿಕೊಂಡು ಮತ್ತೆ ಅದ್ದಿದ. ಹನ್ನೊಂದು. ಬೇರೆ ಲೋಟ ತರಿಸಿದ, ಗುಳ್ಳೆ ತಟ್ಟಿ ಬಿಡಿಸಿದ, ಮೀಟರು ಆರಿಸಿ ಹಚ್ಚಿದ. ಹನ್ನೊಂದೂವರೆ. ನೀರನ್ನು ಮೂಸಿದ. ವಾಸನೆ ನಿನ್ನೆಗಿಂತ ಕಮ್ಮಿಯೇ ಇತ್ತು. ವಾಸನೆ ಇಳಿದು ಅಮೋನಿಯ ಏರುವುದು ಹೇಗೆ? ಒಂದೇ ರಾತ್ರಿಯಲ್ಲಿ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಅಂಥದ್ದೇನು ಮಾಡಿಬಿಟ್ಟರು? ನಿಂಗಣ್ಣನನ್ನು ಕೇಳಿದರೆ ಅವನು ತೊಟ್ಟಿಯನ್ನೊಮ್ಮೆ, ತನ್ನ ಕಾಲನ್ನೊಮ್ಮೆ ನೋಡಿ, ತನಗೇನೂ ತಿಳಿಯದು ಎಂದ.

ಸುದ್ದಿ ಮೇಲಕ್ಕೆ ಹೋಗಲು ಲಿಫ್ಟೂ ಬೇಕಾಗಲಿಲ್ಲ. ಮೊದಲು ಇಳಿದು ಬಂದವರು ಎರಡನೇ ಮಹಡಿಯ ಅಮೃತಪ್ಪ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು, ದೂರು ಹೇಳದೆ ಬರೀ ಸಲಹೆ ಕೊಟ್ಟುಕೊಂಡೇ ಇಷ್ಟು ವರ್ಷ ಯಾವ ಉಸ್ತುವಾರಿಯೂ ಇಲ್ಲದೆ ಬದುಕಿರುವ ಜಾಣರು. ಅವರ ಹಿಂದೆಯೇ ಮುನಿಗಂಗಮ್ಮ ಬಂದು, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

ಅಮೃತಪ್ಪ ಮೀಟರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೆಟ್ಟಿರುವುದು ನೀರೋ ಮೀಟರೋ ಮೊದಲು ತೀರ್ಮಾನವಾಗಬೇಕು ಎಂದರು. ಅಮೋನಿಯ ಖಂಡಿತ ಇಲ್ಲದ, ಭೂಮಿಯ ಮೇಲೆ ಅದಕ್ಕಿಂತ ಶುದ್ಧವಾದದ್ದಿಲ್ಲ ಎನ್ನುವಂಥ ಪದಾರ್ಥಕ್ಕೆ ಕಡ್ಡಿ ಅದ್ದಬೇಕಂತೆ. ಅಲ್ಲೂ ಜಾಸ್ತಿ ತೋರಿಸಿದರೆ ಮೀಟರು ಕೆಟ್ಟಿದೆ ಎಂದರ್ಥ. ಲಕ್ಷ್ಮಿಕಾಂತನಿಗೂ ಇದು ನ್ಯಾಯ ಅನ್ನಿಸಿತು.

"ಅಂಥದ್ದು ಎಳ್ನೀರು ಬಿಟ್ರೆ ಇನ್ನೇನಿದೆ?" ಎಂದರು ಅಮೃತಪ್ಪ.

ಗೇಟಿನ ಬಳಿ ರಾಮಣ್ಣನ ಎಳನೀರಿನ ಗಾಡಿ ನಿಲ್ಲುತ್ತದೆ. ಅಪಾರ್ಟ್‌ಮೆಂಟು ಕಟ್ಟುವ ಮೊದಲಿನಿಂದಲೂ ಅವನ ಜಾಗ ಅದೇ. ಮುನಿಗಂಗಮ್ಮ ದಿನಾ ಬೆಳಿಗ್ಗೆ ಕುಡಿಯುವುದು ಅವನ ಎಳನೀರನ್ನೇ. ಮೀಟರು ಹಿಡಿದು ಎಲ್ಲರೂ ಅಲ್ಲಿಗೆ ನಡೆದರು. ರಾಮಣ್ಣ ಒಳ್ಳೆಯದೊಂದನ್ನು ಆರಿಸಿ, ಎಲ್ಲರ ಕಣ್ಣೆದುರೇ ಕೊಚ್ಚಿ, ಲೋಟಕ್ಕೆ ಬಗ್ಗಿಸಿದ. ಲಕ್ಷ್ಮಿಕಾಂತ ಕಡ್ಡಿ ಅದ್ದಿದ. ಅಂಕಿ ಹತ್ತು ದಾಟಿತು, ಮೂವತ್ತು ದಾಟಿತು, ಎಪ್ಪತ್ತು ದಾಟಿ ತೊಂಬತ್ತಾರಕ್ಕೆ ಬಂದು ನಿಂತಿತು.

ಮುನಿಗಂಗಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗಾಡಿಗೆ ಒರಗಿದರು. ಅವರಿಗೆ ತಲೆ ಸುತ್ತು ಬಂದಂತಾಯಿತಂತೆ.

ಅಮೃತಪ್ಪನವರ ತರ್ಕದ ಪ್ರಕಾರ ಮೀಟರು ಕೆಟ್ಟಿದೆ ಎಂದು ಇಲ್ಲಿಗೆ ತೀರ್ಮಾನವಾಗಬೇಕಿತ್ತು. ಆದರೆ ತೊಂಬತ್ತಾರು ಎಂಬ ಅಂಕಿಯನ್ನು ಕಣ್ಣಾರೆ ಕಂಡ ಮೇಲೆ ತರ್ಕ ಯಾರಿಗೆ ಬೇಕು? ಕೊಳಚೆ ಟ್ಯಾಂಕಿಗೆ ಹನ್ನೊಂದು, ಎಳನೀರಿಗೆ ತೊಂಬತ್ತಾರು. ಹೋದ ತಿಂಗಳು ತಮಗೆ ಹೊಟ್ಟೆ ನೋವು ಬಂದಿದ್ದು ಯಾಕೆಂದು ಅಮೃತಪ್ಪನವರಿಗೆ ಈಗ ಹೊಳೆಯಿತು. ಅವರು ರಾಮಣ್ಣನ ಕಡೆ ತಿರುಗಿ, ಕಾಯಿಯೊಳಗೆ ಏನು ಸೇರಿಸುತ್ತೀಯ ಎಂದು ವಿಚಾರಣೆಗೇ ಇಳಿದರು.

"ಸಾಮಿ, ಮುಚ್ಕೊಂಡಿರೋ ಕಾಯಿ ಒಳ್ಗೆ ನಾನೇನು ಸೇರ್ಸ್ಲಿ? ಕೊಚ್ಚಿದ್ದು ನಿಮ್ ಕಣ್ಮುಂದೇನೆ ಅಲ್ವಾ?"

"ಅದನ್ನೇ ಕಣಪ್ಪ ನಾನೂ ಕೇಳ್ತಿರೋದು. ಮುಚ್ಕೊಂಡಿರೋದ್ರೊಳಗೆ ಹೆಂಗೆ ಸೇರಿಸ್ತೀಯ ಅಂತ."

ರಾಮಣ್ಣ ಕೈಯಲ್ಲಿದ್ದ ಬುರುಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅದೇ ದೊಡ್ಡ ಸಾಕ್ಷಿಯಾಯಿತು. ಕೊಚ್ಚಿಟ್ಟಿದ್ದ ಎಳನೀರನ್ನೆಲ್ಲ ಮೋರಿಗೆ ಚೆಲ್ಲಿಸಿದರು. ಗಾಡಿಯನ್ನು ಗೇಟಿನಿಂದ ಆಚೆ, ರಸ್ತೆಯ ಆ ಬದಿಗೆ ತಳ್ಳಿಸಿದರು. ನಾಳೆಯಿಂದ ಈ ಕಡೆ ತಲೆ ಹಾಕಬಾರದೆಂದು ಮುನಿಗಂಗಮ್ಮ ಅಪ್ಪಣೆ ಮಾಡಿದರು. ಲಕ್ಷ್ಮಿಕಾಂತನಿಗೆ ಇದು ಅನ್ಯಾಯ ಅನ್ನಿಸಿತು. ಮೀಟರೇ ಏಮಾರಿರಬಹುದು, ಅದಕ್ಕೊಬ್ಬ ದಾಯಾದಿ ಇದ್ದಾನಂತೆ ಎಂದು ಹೇಳಬೇಕೆಂದುಕೊಂಡ. ದಾಯಾದಿ ಯಾರು ಎಂದು ಕೇಳಿದರೆ ಏನು ಹೇಳುವುದು? ಹುಡುಕುವ ಕೆಲಸವೂ ತನಗೇ ಬಂದರೆ? ಮೇಲೆ ಬಾಲ್ಕನಿಯಲ್ಲಿ ಹಂಸ ನಿಂತಿದ್ದಳು. ಬಾಯಿ ತೆರೆದವನು ಆಕಳಿಸಿದಂತೆ ಮಾಡಿ ಮುಚ್ಚಿಕೊಂಡ.

ಆಮೇಲೆ ನಡೆದದ್ದು ಜಾತ್ರೆ. ವಾಟ್ಸಾಪಿನಲ್ಲಿ ಎಳನೀರಿನ ಸುದ್ದಿ ಓದಿದವರೆಲ್ಲ ತಮ್ಮ ತಮ್ಮ ಮನೆಯ ಪಾತ್ರೆ ಹಿಡಿದು ನೆಲಮಾಳಿಗೆಗೆ ಬಂದರು. ನಮ್ಮದನ್ನೂ ಸ್ವಲ್ಪ ನೋಡಿಬಿಡಿ ಎಂದರು. ಲಕ್ಷ್ಮಿಕಾಂತ ಇಲ್ಲ ಎನ್ನಲೂ ಬಾಯಿ ತೆರೆಯಬೇಕಲ್ಲ, ಹಾಗಾಗಿ ಅದ್ದುತ್ತ ಹೋದ. ಫಿಲ್ಟರ್ ಕಾಫಿ ಮೂವತ್ತು ತೋರಿಸಿತು. ಬಾಳೆಹಣ್ಣಿನ ಮಿಲ್ಕ್‌ಶೇಕು ಕಾಫಿಯನ್ನು ಹಿಂದೆ ಹಾಕಿತು. ಹಂಸ ತಣ್ಣಗೆ ಮಾಡಿ ಕಳಿಸಿದ ಟೊಮೆಟೊ ಸಾರು ಅರವತ್ತು ದಾಟಿದಾಗ ಅವನು ಮೀಟರಿನ ಮುಖವನ್ನು ಅಂಗೈಯಲ್ಲಿ ಮುಚ್ಚಿದ, ಆದರೆ ಅಮೃತಪ್ಪ ಆಗಲೇ ಓದಿ ಕೂಗಿ ಹೇಳಿಯಾಗಿತ್ತು. ಬೆಳಿಗ್ಗೆಯಿಂದ ಅದ್ದಿದ್ದರಲ್ಲಿ ಸೊನ್ನೆಯ ಹತ್ತಿರ ಬಂದು ಪಾಸಾದದ್ದು ಒಂದೇ ಒಂದು, ಯಾರೋ ತಂದ ಕೋಲಾ.

ಮಧ್ಯಾಹ್ನದ ಊಟದ ಹೊತ್ತಿಗೆ ಅಪಾರ್ಟ್‌ಮೆಂಟಿಗೆ ಅಪಾರ್ಟ್‌ಮೆಂಟೇ ಕಂಗಾಲು. ಸಾರು ಚೆಲ್ಲಿದವರು ಬರೀ ಅನ್ನ ನೋಡುತ್ತ ಕೂತರು. ಸಕ್ಕರೆ ಕಾಯಿಲೆಯ ಅಮೃತಪ್ಪ, ಶುದ್ಧವಾದದ್ದು ಇದೊಂದೇ ಎಂದು ನಿಟ್ಟುಸಿರು ಬಿಡುತ್ತ ಕೋಲಾ ಕುಡಿದರು. ಲಕ್ಷ್ಮಿಕಾಂತ ತೊಟ್ಟಿಯ ನೀರಿಗೆ ಇನ್ನೊಮ್ಮೆ ಅದ್ದಿ ನೋಡಿದ. ಹದಿಮೂರು. ನೀರು ಕೆಟ್ಟಿದೆಯೋ, ಮೀಟರು ಕೆಟ್ಟಿದೆಯೋ, ಎಳನೀರು ಕೆಟ್ಟಿದೆಯೋ, ತನ್ನ ತಲೆಯೇ ಕೆಟ್ಟಿದೆಯೋ ಅವನಿಗೆ ಒಂದೂ ಬಗೆಹರಿಯಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಹದಿಮೂರು ಅಂದರೆ ಫೇಲು, ಫೇಲು ಅಂದರೆ ಬೀಗದ ಕೈ ತನ್ನಲ್ಲೇ, ಅಂದರೆ ಸಮುದ್ರ ಇಲ್ಲ.

ಅಮೃತಪ್ಪ ಕಿವಿಯ ಬಳಿ ಬಂದು, ಅಧಿಕಾರಿಗೆ ತೊಟ್ಟಿಯ ನೀರಿನ ಬದಲು ಅಂಗಡಿಯ ಕುಡಿಯುವ ನೀರಿನ ಬಾಟಲಿ ಕೊಟ್ಟುಬಿಡು ಎಂದು ಸಲಹೆ ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಲಕ್ಷ್ಮಿಕಾಂತ ಬಾಟಲಿಯನ್ನು ಕೈಗೂ ತೆಗೆದುಕೊಂಡ. ಅಷ್ಟರಲ್ಲಿ ಮಂಡಳಿಯ ಅಧಿಕಾರಿ ಬಂದೇಬಿಟ್ಟರು. ಬೆನ್ಸನ್ ಟೌನ್ ಕಡೆಯ ಹೆಣ್ಣುಮಗಳು, ಹೆಸರು ನಾಜಿಶ್. ಯಾರ ಕೈಯಿಂದಲೂ ನೀರು ತೆಗೆದುಕೊಳ್ಳದೆ, ನೇರ ತೊಟ್ಟಿಗೆ ಹೋಗಿ ತಮ್ಮದೇ ಬಾಟಲಿ ಮುಳುಗಿಸಿದರು. ಲಕ್ಷ್ಮಿಕಾಂತ ತನ್ನ ಕೈಯಲ್ಲಿದ್ದ ನೀರನ್ನು ಗಟಗಟ ಕುಡಿದು ಮುಗಿಸಿದ.

ನಾಜಿಶ್ ಮೇಜಿನ ಮೇಲೆ ತಮ್ಮ ಸಾಮಾನು ಹರಡಿದರು. ಅವರದೂ ಒಂದು ಕಡ್ಡಿಯೇ, ಆದರೆ ಬೇರೆ ಜಾತಿಯದು. ಗಾಜಿನ ಪಾತ್ರೆಗೆ ನೀರು ಹಾಕಿ, ಒಳಗೊಂದು ಪುಟ್ಟ ಅಯಸ್ಕಾಂತ ಗಿರಗಿರ ತಿರುಗುವಂತೆ ಮಾಡಿ, ಕಡ್ಡಿ ಇಳಿಬಿಟ್ಟು, ಆಮೇಲೆ ಎಂಥದೋ ಕ್ಷಾರ ಸುರಿದರು. ಅಂಕಿ ಮೆಲ್ಲಗೆ ಏರತೊಡಗಿತು. ಲಕ್ಷ್ಮಿಕಾಂತ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಅದು ಎರಡು ಮುಕ್ಕಾಲಿನಲ್ಲಿ ನಿಂತಿತ್ತು.

"ಪಾಸ್. ಚೆನ್ನಾಗಿ ಮೇಂಟೇನ್ ಮಾಡಿದೀರ," ಎಂದರು ನಾಜಿಶ್.

ಲಕ್ಷ್ಮಿಕಾಂತನಿಗೆ ಅಳು ಬಂತು, ನಗುವೂ ಬಂತು. ತಾನು ನೋಡಿದಾಗ ಹದಿಮೂರಿತ್ತಲ್ಲ ಎಂಬುದು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡ. ಆದರೆ ನಿಜ ತಿಳಿಯದೆ ಅಮೃತಪ್ಪನವರಿಗೆ ಕೋಲಾ ಜೀರ್ಣವಾಗುವಂತಿರಲಿಲ್ಲ. ಅವರು ಲಕ್ಷ್ಮಿಕಾಂತನ ಮೀಟರನ್ನು ತಂದು ಅಧಿಕಾರಿಯ ಮುಂದಿಟ್ಟರು. ನಾಜಿಶ್ ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಪೊರೆಗೆ ಅಂಟಿದ್ದ ಒಂದು ಸಾಸಿವೆ ಕಾಳನ್ನು ಉಗುರಿನಿಂದ ತೆಗೆದರು.

"ಇದನ್ನ ಏನೇನಕ್ಕೆ ಅದ್ದಿದ್ರಿ?"

ಎಳನೀರು, ಕಾಫಿ, ಸಾರು ಒಂದೊಂದಾಗಿ ಹೊರಬಂದವು. ನಾಜಿಶ್ ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತು, ಈ ಕಡ್ಡಿಗೆ ಅಮೋನಿಯವೂ ಪೊಟ್ಯಾಸಿಯಮ್ಮೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ ಎಂದು ಬಿಡಿಸಿ ಹೇಳಿದರು. ದಾಯಾದಿಯ ಹೆಸರು ಲಕ್ಷ್ಮಿಕಾಂತನಿಗೆ ಆಗ ನೆನಪಾಯಿತು. ಎಳನೀರು, ಬಾಳೆಹಣ್ಣು, ಟೊಮೆಟೊ, ಕಾಫಿ ಎಲ್ಲದರಲ್ಲೂ ಪೊಟ್ಯಾಸಿಯಂ ತುಂಬಿರುತ್ತೆ, ಅದು ಮೈಗೆ ಒಳ್ಳೆಯದೇ. ತಮ್ಮ ಕಡ್ಡಿಯ ವಿಧಾನವೇ ಬೇರೆ. ಕ್ಷಾರ ಹಾಕಿದಾಗ ಅಮೋನಿಯ ಗಾಳಿಯಾಗಿ ಬಿಡುತ್ತೆ, ಇದರ ಪೊರೆ ಆ ಗಾಳಿಯನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತೆ. ಪೊಟ್ಯಾಸಿಯಂ ಗಾಳಿಯಾಗುವುದಿಲ್ಲ, ಹಾಗಾಗಿ ಏಮಾರುವ ಪ್ರಶ್ನೆಯೇ ಇಲ್ಲ.

"ಅದು ಸರಿ, ಆದ್ರೆ ನಿಮ್ಮ ತೊಟ್ಟಿಗೆ ಅಷ್ಟೊಂದು ಪೊಟ್ಯಾಸಿಯಂ ಎಲ್ಲಿಂದ ಬಂತು?"

ಎಲ್ಲರೂ ನಿಂಗಣ್ಣನನ್ನು ನೋಡಿದರು. ನಿಂಗಣ್ಣ ಮತ್ತೆ ತನ್ನ ಕಾಲು ನೋಡಿಕೊಂಡ.

"ಅಮ್ಮಾರು ಬೂದಿ ಹಾಕು ಅಂದ್ರು, ಹಾಕೀನ್ರಿ ಸರ. ಮುಂಜಾನೆ ಎದ್ದು ಚೀಲಗಟ್ಲೆ ಹಾಕೀನಿ. ಯಾರಿಗೂ ಹೇಳಬ್ಯಾಡ ಅಂದಿದ್ರು."

ಮುನಿಗಂಗಮ್ಮನವರಿಗೆ ನಾಚಿಕೆಯೇನೂ ಆಗಲಿಲ್ಲ. ಅವರು ಈಗಲೂ ಟೆರೇಸಿನ ಮೇಲೆ ಒಲೆ ಹೂಡಿ ಹಂಡೆಯಲ್ಲೇ ನೀರು ಕಾಯಿಸುವವರು. ಹಿಂದೆ ಗುಂಡಿ ನಾತ ಬಂದರೆ ಬೂದಿ ಹಾಕುತ್ತಿರಲಿಲ್ಲವೇ? ಅಧಿಕಾರಿ ಬರುವ ದಿನ ನಾತ ಇರಬಾರದು, ಪಾಪ ಲಕ್ಷ್ಮಿಕಾಂತ ಪಾಸಾಗಲಿ ಎಂದು ಹಾಕಿಸಿದ್ದರಂತೆ. ಬೂದಿಯಲ್ಲಿ ಪೊಟ್ಯಾಸಿಯಮ್ಮೇ ಜಾಸ್ತಿ, ಅದು ಯಾವುದರ ಬೂದಿ ಎಂದು ನಾಜಿಶ್ ಕೇಳಿದರು.

"ಇನ್ಯಾವ್ದವ್ವ, ಎಳ್ನೀರ್ ಬುರುಡೆದು. ಆ ರಾಮಣ್ಣನ ತಾವ ಬಿದ್ದಿರ್ತವಲ್ಲ, ಒಣಗಿಸ್ಕೊಂಡು ಒಲೆಗ್ ಆಕ್ತೀನಿ."

ಅಂದರೆ ಬೆಳಿಗ್ಗೆ ಲೋಟದಲ್ಲಿ ಇದ್ದದ್ದೂ ರಾಮಣ್ಣನ ಎಳನೀರೇ, ತೊಟ್ಟಿಯಲ್ಲಿ ಇದ್ದದ್ದೂ ರಾಮಣ್ಣನ ಎಳನೀರೇ. ನಾಜಿಶ್ ತಲೆಯ ಮೇಲೆ ಕೈ ಹೊತ್ತುಕೊಂಡರು. ಪಾಸೆಂದು ಸಹಿ ಹಾಕಿ, ಇವತ್ತು ರಾತ್ರಿಯೇ ತೊಟ್ಟಿ ಖಾಲಿ ಮಾಡಿಸಿ ಬೂದಿ ತೊಳೆಸಬೇಕು, ಉಸ್ತುವಾರಿ ಆದವರು ಎದುರಿಗೆ ನಿಂತು ಮಾಡಿಸಬೇಕು, ನಾಳಿದ್ದು ನಾನೇ ಬಂದು ನೋಡುತ್ತೇನೆ ಎಂದು ಹೇಳಿ ಹೊರಟುಹೋದರು.

ಮುನಿಗಂಗಮ್ಮ ಕೊಟ್ಟ ಮಾತಿಗೆ ತಪ್ಪುವವರಲ್ಲ. ಅಲ್ಲೇ ಸಭೆ ಸೇರಿಸಿದರು. ಚೀಲ ಹಿಡಿದು ಹಂಸಳೂ ಇಳಿದು ಬಂದಳು. ಲಕ್ಷ್ಮಿಕಾಂತ ಬೀಗದ ಕೈಯನ್ನು ಮುನಿಗಂಗಮ್ಮನವರ ಅಂಗೈಗೆ ಹಾಕಿದ. ಹಾಕಿದ್ದೇ ತಡ ಹೆಗಲ ಮೇಲಿನ ಮೂಟೆ ಇಳಿದಂತಾಯಿತು. ಬಸ್ಸು, ಕಿಟಕಿ ಪಕ್ಕದ ಸೀಟು, ಬೆಳಗಾದರೆ ಅಲೆ, ಎಲ್ಲ ಕಣ್ಣ ಮುಂದೆ ಬಂತು.

ಜೊತೆಗೆ ಗೇಟಿನಾಚೆ ರಾಮಣ್ಣನೂ ಕಣ್ಣಿಗೆ ಬಿದ್ದ. ರಸ್ತೆಯ ಆ ಬದಿಯಲ್ಲಿ, ಗಾಡಿಯ ನೆರಳಿನಲ್ಲಿ ಮಚ್ಚು ಕೆಳಗಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಎಳನೀರಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಈಗ ಎಲ್ಲರಿಗೂ ಗೊತ್ತು. ಆದರೂ ಅವನನ್ನು ಕರೆಯಿರಿ ಎಂದು ಒಬ್ಬರೂ ಅನ್ನಲಿಲ್ಲ. ಅಂದವರ ತಲೆಗೆ ಅದು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಲಕ್ಷ್ಮಿಕಾಂತನಿಗೆ ಹೇಳಬೇಕು ಅನ್ನಿಸಿತು. ಹೇಳದಿದ್ದರೆ ಮನುಷ್ಯನೇ ಅಲ್ಲ ಅನ್ನಿಸಿತು. ಹಂಸಳ ಕೈಯಲ್ಲಿದ್ದ ಚೀಲ ನೋಡಿದ, ತನ್ನ ಚಪ್ಪಲಿ ನೋಡಿಕೊಂಡ, ತುಟಿ ಕಚ್ಚಿದ. ಕೆಟ್ಟ ಮನುಷ್ಯನಾದರೂ ಚಿಂತೆಯಿಲ್ಲ, ಈ ಸಲ ಸಮುದ್ರ ತಪ್ಪಬಾರದು.

ಆಗ ಪಕ್ಕದಿಂದ ದನಿ ಬಂತು.

"ಅಲ್ಲ, ಆ ರಾಮಣ್ಣನ್ನ ಹಂಗೆ ಆಚೆ ಕೂರ್ಸಿದೀರಲ್ಲ, ಅವನದೇನು ತಪ್ಪು? ಕರ್ದು ಒಂದು ಮಾತು ಕೇಳ್ಬಾರ್ದಾ? ಬೂದಿ ಹಾಕೋರು ಯಾರೋ, ಬೈಸ್ಕೊಳ್ಳೋರು ಯಾರೋ. ಇನ್ಮೇಲೆ ಹಿಂಗಾಗ್ದೇ ಇರೋ ಹಂಗೆ ಈ ಟ್ಯಾಂಕನ್ನ ಯಾರಾದ್ರೂ ಸರಿಯಾಗಿ ನೋಡ್ಕೋಬೇಕಲ್ವಾ?"

ಹಂಸ.

ಸಭೆ ಚಪ್ಪಾಳೆ ತಟ್ಟಿತು. ಅಮೃತಪ್ಪನವರಂತೂ ಕೈ ಕೆಂಪಗಾಗುವಷ್ಟು ತಟ್ಟಿದರು. ಲಕ್ಷ್ಮಿಕಾಂತ ಅವಳ ಸೆರಗು ಜಗ್ಗಿದ, ಆದರೆ ಅಷ್ಟರಲ್ಲಾಗಲೇ ಮುನಿಗಂಗಮ್ಮ ಎದ್ದು ಬಂದು, ಇನ್ನೂ ಬೆಚ್ಚಗಿದ್ದ ಬೀಗದ ಕೈಯನ್ನು ಹಂಸಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಎಣ್ಣೆಂಗ್ಸು ಅಂದ್ರೆ ಇಂಗಿರ್ಬೇಕು. ನೀನೇ ನೋಡ್ಕೊಳವ್ವ," ಎಂದರು.

ಹಂಸ ಗಂಡನ ಮುಖ ನೋಡಿದಳು. ಗಂಡ ಹಂಸಳ ಮುಖ ನೋಡಿದ. ಬೆಳಿಗ್ಗೆಯಿಂದ ಬಾಯಿ ಮುಚ್ಚಿಕೊಂಡಿದ್ದವನು ಈಗ ತೆರೆದರೂ ಪ್ರಯೋಜನವಿರಲಿಲ್ಲ. ರಾಮಣ್ಣನ ಗಾಡಿ ಗೇಟಿಗೆ ವಾಪಸ್ ಬಂತು, ಹಂಸ ತಾನೇ ಹೋಗಿ ಕರೆದು ತಂದಳು. ಟಿಕೆಟ್ಟು ಹಾಳಾಗಬಾರದೆಂದು ಅಮೃತಪ್ಪನವರೇ ಸಲಹೆ ಕೊಟ್ಟು, ತಾವೇ ಹೆಂಡತಿಯ ಜೊತೆ ಆ ಬಸ್ಸಿಗೆ ಹೊರಟರು. ತೊಟ್ಟಿಯ ಬದಿಯಲ್ಲಿ ಹಂಸ ಸೀರೆ ಎತ್ತಿಕಟ್ಟಿ ನಿಂತಳು. ಉಸ್ತುವಾರಿಯಾಗಿ ಅವಳು ಮಾಡಿದ ಮೊದಲ ಕೆಲಸವೆಂದರೆ ಗಂಡನ ಕೈಗೆ ಪೊರಕೆ ಕೊಟ್ಟು ಬೂದಿ ತೊಳೆಯಲು ತೊಟ್ಟಿಗೆ ಇಳಿಸಿದ್ದು.

ಅಮೃತಪ್ಪ ಮೂರು ದಿನ ಬಿಟ್ಟು ಬಂದರು, ಬರಿಗೈಯಲ್ಲಿ ಬರಲಿಲ್ಲ. ನೀವು ಬರೋಕಾಗಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು ಕಣಮ್ಮ, ಅದಕ್ಕೇ ತಂದೆ ಎಂದು ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟು ಹೋದರು. ತುಂಬ ಮುರುಡೇಶ್ವರದ ಸಮುದ್ರದ ನೀರು, ತಳದಲ್ಲಿ ಒಂದಿಷ್ಟು ಮರಳು. ಹಂಸ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಒಮ್ಮೆ ಮೆಲ್ಲಗೆ ಅಲುಗಿಸಿದಳು, ಒಳಗೆ ಒಂದು ಸಣ್ಣ ಅಲೆ ಎದ್ದು ಗಾಜಿಗೆ ಬಡಿಯಿತು. ಲಕ್ಷ್ಮಿಕಾಂತನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ನೀರನ್ನು ಲೋಟಕ್ಕೆ ಬಗ್ಗಿಸಿ, ಮೀಟರು ಹಚ್ಚಿ, ಕಡ್ಡಿ ಅದ್ದಿದಳು.

"ಮೂವತ್ನಾಲ್ಕು," ಎಂದಳು. "ಫೇಲು."

ಲಕ್ಷ್ಮಿಕಾಂತ ಕಡ್ಡಿ ತೊಳೆಯಲು ಎದ್ದ.